ಸತ್ತ ಹೃದಯಸ್ನಾಯು ಮತ್ತೆ ಚಿಗುರುವುದೆ?

ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ನಾವು ಹೆಚ್ಚು ಗಾಬರಿಪಡುವುದಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಗಾಯ ಮಾಯ್ದು ಹೊಸ ಚರ್ಮ ಮೂಡುವುದೆಂದು ಎಲ್ಲರಿಗೂ ಗೊತ್ತು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ರಕ್ತದಾನ ಮಾಡಿದವನ ಮೈಯಲ್ಲಿ ಹೋದಷ್ಟು ರಕ್ತ ಕೆಲವು ವಾರಗಳಲ್ಲಿ ತುಂಬಿಬರುತ್ತದೆ. ಕಡಿದ ಹೊಂಗೆಯ ಬುಡವು ಮಳೆ ಬಿದ್ದೊಡನೆ ಚಿಗುರುವಂತೆ, ತನ್ನ ನಷ್ಟವನ್ನು ತಾನೇ ತುಂಬಿಕೊಳ್ಳುವ ಶಕ್ತಿ ನಮ್ಮ ದೇಹಕ್ಕೂ ಸಾಕಷ್ಟು ಉಂಟು. ಆದರೆ ಎಲ್ಲ ಅಂಗಗಳಿಗೂ ಈ ಶಕ್ತಿ ಒಂದೇ ಸಮನಾಗಿ ದೊರೆತಿಲ್ಲ. ಯಾವ ಅಂಗವು ಕ್ಷಣಮಾತ್ರವೂ ಬಿಡುವಿಲ್ಲದೆ ದುಡಿಯುವುದೋ, ಯಾವುದು ನಿಂತರೆ ಬಾಳೇ ನಿಲ್ಲುವುದೋ, ಆ ಹೃದಯಕ್ಕೆ ಪ್ರಕೃತಿಯು ಈ ವರವನ್ನು ಬಹು ಜಿಪುಣತನದಿಂದ ಕೊಟ್ಟಿದೆ.

ಈ ಕೊರತೆಯನ್ನು ಮನುಷ್ಯನು ತನ್ನ ಜಾಣ್ಮೆಯಿಂದ ತುಂಬಬಲ್ಲನೆ? ಸತ್ತ ಹೃದಯಸ್ನಾಯುವಿನ ಜಾಗದಲ್ಲಿ ಹೊಸ ಸ್ನಾಯುವನ್ನು ಬೆಳೆಸಬಲ್ಲನೆ? ಕಳೆದ ಕಾಲು ಶತಮಾನದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದವರು ಅನೇಕರು. ಅವರ ಕಥೆಯಲ್ಲಿ ಆಸೆಯಿದೆ, ಅವಸರವಿದೆ, ನಾಚಿಕೆಪಡಬೇಕಾದ ಒಂದು ಪ್ರಕರಣವೂ ಇದೆ. ಜೊತೆಗೆ, ವಿಜ್ಞಾನವು ತನ್ನ ತಪ್ಪನ್ನು ತಾನೇ ಹೇಗೆ ತಿದ್ದಿಕೊಳ್ಳುತ್ತದೆಂಬ ಒಳ್ಳೆಯ ಪಾಠವೂ ಇದೆ.

ಹೃದಯಾಘಾತದಲ್ಲಿ ಆಗುವುದೇನು?

ಹೃದಯದ ಗಾತ್ರವು ಅವರವರ ಮುಷ್ಟಿಯಷ್ಟು. ವಯಸ್ಕರಲ್ಲಿ ಅದರ ತೂಕ ಸುಮಾರು ೩೦೦ ಗ್ರಾಂ. ಮಿನಿಟಿಗೆ ಸುಮಾರು ೭೦ ಬಾರಿಯಂತೆ ಅದು ದಿನವೊಂದಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಮಿನಿಟಿಗೆ ೫ ಲೀಟರಿನಷ್ಟು, ಅಂದರೆ ದಿನಕ್ಕೆ ೭,೦೦೦ ಲೀಟರಿಗೂ ಮೀರಿದ ರಕ್ತವನ್ನು ನೂಕುತ್ತದೆ. ಇಷ್ಟು ದುಡಿಯುವ ಸ್ನಾಯುವಿಗೆ ಆಮ್ಲಜನಕ ಹೇರಳವಾಗಿ ಬೇಕು. ತನ್ನ ಕೋಣೆಗಳಲ್ಲಿ ತುಂಬಿರುವ ರಕ್ತದಿಂದ ಹೃದಯವು ಇದನ್ನು ಹೀರಿಕೊಳ್ಳಲಾರದು. ಅದರ ಮೈಮೇಲೆ ಕಿರೀಟದಂತೆ ಸುತ್ತಿಕೊಂಡಿರುವ ಧಮನಿಗಳು ಈ ಕೆಲಸಕ್ಕೆಂದೇ ಇವೆ. ಆದುದರಿಂದಲೇ ಅವುಗಳಿಗೆ ಕಿರೀಟ ಧಮನಿಗಳೆಂದು ಹೆಸರು.

ಈ ಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರುತ್ತ ಬಂದು, ಒಂದು ದಿನ ಆ ಗಂಟು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿತೆಂದರೆ ದಾರಿ ಮುಚ್ಚಿತು. ಆಚೆಯ ಸ್ನಾಯುವಿಗೆ ಆಮ್ಲಜನಕ ತಲುಪುವುದಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಜೀವಕೋಶಗಳು ಸಾಯತೊಡಗುತ್ತವೆ. ಕೆಲವು ಗಂಟೆಗಳಲ್ಲಿ ಆ ಭಾಗವೆಲ್ಲ ನಿರ್ಜೀವವಾಗುತ್ತದೆ. ಒಂದು ದೊಡ್ಡ ಹೃದಯಾಘಾತದಲ್ಲಿ ನೂರು ಕೋಟಿಯಷ್ಟು ಸ್ನಾಯುಕೋಶಗಳು ನಾಶವಾಗಬಹುದು. ರೋಗಿಯು ಬದುಕಿಕೊಂಡರೆ ಆ ಜಾಗವನ್ನು ನಾರಿನಂತಹ ಅಂಗಾಂಶವು ತುಂಬಿ, ಗಟ್ಟಿಯಾದ ಒಂದು ಕಲೆಯನ್ನು ಉಳಿಸುತ್ತದೆ. ಹರಿದ ಬಟ್ಟೆಗೆ ಹಾಕಿದ ತೇಪೆಯಂತೆ ಈ ಕಲೆಯು ಗೋಡೆ ಒಡೆಯದಂತೆ ಕಾಯುವುದೇನೋ ನಿಜ. ಆದರೆ ಅದು ಸಂಕುಚಿಸಲಾರದು. ಉಳಿದ ಸ್ನಾಯುವೇ ಎಲ್ಲ ಹೊರೆಯನ್ನೂ ಹೊರಬೇಕಾಗಿ, ಅದು ಹಿಗ್ಗುತ್ತ ಹಿಗ್ಗುತ್ತ ಸೋಲುತ್ತದೆ. ಕಾಲು ಊದಿಕೊಂಡು, ಮೆಟ್ಟಿಲು ಹತ್ತಿದರೆ ಉಬ್ಬಸ ಬರುವ ಈ ಅವಸ್ಥೆಯನ್ನು ವೈದ್ಯರು ಹೃದಯ ವೈಫಲ್ಯವೆನ್ನುತ್ತಾರೆ.

ಮುಚ್ಚಿದ ಧಮನಿಯನ್ನು ಬಲೂನಿನಿಂದ ತೆರೆದು ಸ್ಟೆಂಟ್ ಇಡುವುದು, ಬೈಪಾಸ್ ಶಸ್ತ್ರಕ್ರಿಯೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು—ಇವೆಲ್ಲ ಅಸಂಖ್ಯ ಜೀವಗಳನ್ನು ಉಳಿಸಿವೆ. ಆದರೆ ಇವು ಯಾವುವೂ ಸತ್ತ ಸ್ನಾಯುವನ್ನು ಹಿಂದಿರುಗಿಸಲಾರವು. ಬೇರೊಬ್ಬರ ಹೃದಯವನ್ನು ಕಸಿಮಾಡಬಹುದು. ಆದರೆ ದಾನಿಗಳು ಎಷ್ಟು ಮಂದಿ ದೊರೆತಾರು?

ಬಾಂಬು ತಿಳಿಸಿದ ಗುಟ್ಟು

ವಯಸ್ಸಿಗೆ ಬಂದ ಮನುಷ್ಯನ ಹೃದಯದಲ್ಲಿ ಹೊಸ ಸ್ನಾಯುಕೋಶಗಳು ಹುಟ್ಟುವುದೇ ಇಲ್ಲವೆ? ಬಹುಕಾಲ ಎಲ್ಲರೂ ಹಾಗೆಯೇ ನಂಬಿದ್ದರು. ಇದನ್ನು ಒರೆಗೆ ಹಚ್ಚುವುದು ಸುಲಭವಾಗಿರಲಿಲ್ಲ. ಕೋಶಕ್ಕೆ ಗುರುತು ಹಾಕಿ ವರ್ಷಗಟ್ಟಲೆ ಕಾಯುವ ಪ್ರಯೋಗವನ್ನು ಇಲಿಯ ಮೇಲೆ ಮಾಡಬಹುದು, ಮನುಷ್ಯನ ಮೇಲೆ ಹೇಗೆ? ವಿಚಿತ್ರವೆಂದರೆ, ಆ ಗುರುತನ್ನು ಅಣ್ವಸ್ತ್ರ ಪರೀಕ್ಷೆಗಳು ಆಗಲೇ ಹಾಕಿಬಿಟ್ಟಿದ್ದವು.

೧೯೫೦ರ ದಶಕದ ನಡುವಿನಿಂದ ಮುಂದಕ್ಕೆ ಬಯಲಿನಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-೧೪ ಎಂಬ ವಿಕಿರಣಶೀಲ ಇಂಗಾಲವು ವಿಪರೀತವಾಗಿ ಹೆಚ್ಚಿತು. ೧೯೬೩ರ ಒಪ್ಪಂದದಂತೆ ಪ್ರಮುಖ ರಾಷ್ಟ್ರಗಳು ಅಂತಹ ಪರೀಕ್ಷೆಗಳನ್ನು ನಿಲ್ಲಿಸಿದ ಮೇಲೆ ಅದು ಮೆಲ್ಲಮೆಲ್ಲನೆ ಇಳಿಯುತ್ತ ಬಂದಿತು. ಗಾಳಿಯ ಇಂಗಾಲವನ್ನು ಸಸ್ಯಗಳು ಹೀರುತ್ತವೆ. ಸಸ್ಯಗಳಿಂದ ಅದು ನಮ್ಮ ಆಹಾರಕ್ಕೆ, ಆಹಾರದಿಂದ ನಮ್ಮ ಜೀವಕೋಶಗಳಿಗೆ ಬರುತ್ತದೆ. ಕೋಶವೊಂದು ಹುಟ್ಟಿದಾಗ ಅದರ ಡಿ.ಎನ್.ಎ.ಯಲ್ಲಿ ಸೇರಿದ ಇಂಗಾಲವು ಅಲ್ಲಿಯೇ ಉಳಿಯುವುದರಿಂದ, ಅದರಲ್ಲಿನ ಕಾರ್ಬನ್-೧೪ರ ಪ್ರಮಾಣವು ಆ ಕೋಶ ಹುಟ್ಟಿದ ಕಾಲವನ್ನು ಹೇಳಬಲ್ಲುದು.

ಸ್ವೀಡನ್ನಿನ ಕರೊಲಿನ್ಸ್ಕ ಸಂಸ್ಥೆಯ ಯೋನಾಸ್ ಫ್ರಿಸೆನ್ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ಈ ಉಪಾಯವನ್ನು ಹೃದಯಕ್ಕೆ ಅನ್ವಯಿಸಿದರು. ಬಾಂಬು ಪರೀಕ್ಷೆಗಳಿಗೆ ಮುಂಚೆಯೇ ಹುಟ್ಟಿದವರ ಹೃದಯಸ್ನಾಯುವಿನಲ್ಲಿಯೂ ಹೆಚ್ಚಿನ ಕಾರ್ಬನ್-೧೪ ಕಂಡುಬಂದಿತು. ಎಂದರೆ, ಆ ಕೋಶಗಳಲ್ಲಿ ಕೆಲವು ಆಮೇಲೆ ಹುಟ್ಟಿರಲೇಬೇಕು. ಲೆಕ್ಕ ಹಾಕಿದಾಗ, ೨೫ ವರ್ಷದ ವ್ಯಕ್ತಿಯ ಹೃದಯಸ್ನಾಯುವಿನಲ್ಲಿ ವರ್ಷಕ್ಕೆ ಶೇಕಡ ೧ರಷ್ಟು ಕೋಶಗಳು ಹೊಸದಾಗುತ್ತವೆಯೆಂದೂ, ೭೫ನೆಯ ವಯಸ್ಸಿಗೆ ಇದು ಶೇಕಡ ೦.೪೫ಕ್ಕೆ ಇಳಿಯುವುದೆಂದೂ ತಿಳಿಯಿತು. ಹೃದಯವು ಪೂರಾ ಬಂಜೆಯಲ್ಲ. ಆದರೆ ಈ ವೇಗದಿಂದ ನೂರು ಕೋಟಿ ಕೋಶಗಳ ನಷ್ಟವು ತುಂಬುವ ಮಾತೇ ಇಲ್ಲ.

ಆಕರಕೋಶಗಳೆಂದರೇನು?

ಇಲ್ಲಿಯೇ ಆಕರಕೋಶಗಳ ಮೇಲೆ, ಎಂದರೆ ಸ್ಟೆಮ್ ಸೆಲ್‌ಗಳ ಮೇಲೆ, ಎಲ್ಲರ ದೃಷ್ಟಿಯೂ ಬಿದ್ದುದು. ದೇಹದ ಬಹುತೇಕ ಕೋಶಗಳು ಒಂದೊಂದು ಕಸುಬನ್ನು ಕಲಿತು ಅದರಲ್ಲಿಯೇ ನಿಂತುಬಿಟ್ಟಿವೆ. ನರಕೋಶವು ರಕ್ತಕೋಶವಾಗದು, ರಕ್ತಕೋಶವು ಚರ್ಮವಾಗದು. ಆಕರಕೋಶವು ಹಾಗಲ್ಲ. ಅದು ಇಬ್ಭಾಗವಾಗಿ ತನ್ನಂತಹುದೇ ಇನ್ನೊಂದನ್ನು ಉಂಟುಮಾಡಬಲ್ಲುದು. ಬೇಕಾದಾಗ ಕಸುಬುಳ್ಳ ಕೋಶಗಳಿಗೂ ಜನ್ಮ ಕೊಡಬಲ್ಲುದು. ೧೯೬೧ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಎಂಬಿಬ್ಬರು, ವಿಕಿರಣದಿಂದ ರಕ್ತಕೋಶಗಳನ್ನು ಕಳೆದುಕೊಂಡ ಇಲಿಗಳಿಗೆ ಬೇರೆ ಇಲಿಗಳ ಮೂಳೆಯ ಮಜ್ಜೆಯನ್ನು ಚುಚ್ಚಿದರು. ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದವು. ಒಂದೊಂದು ಗಂಟೂ ಮಜ್ಜೆಯ ಒಂದೊಂದೇ ಕೋಶದಿಂದ ಬೆಳೆದ ಸಂತತಿಯೆಂದು ಮುಂದಿನ ಪ್ರಯೋಗಗಳಿಂದ ಸ್ಥಿರಪಟ್ಟಿತು. ಆಕರಕೋಶದ ಅಸ್ತಿತ್ವಕ್ಕೆ ಇದೇ ಭದ್ರವಾದ ಆಧಾರವಾಯಿತು.

ಮಜ್ಜೆಯನ್ನು ಕಸಿಮಾಡಿ ರಕ್ತದ ಕ್ಯಾನ್ಸರನ್ನು ಗುಣಪಡಿಸುವ ವಿಧಾನವು ಇದೇ ಕೋಶಗಳ ಬಲದಿಂದ ನಡೆಯುತ್ತದೆ. ಅದನ್ನು ರೂಢಿಗೆ ತಂದ ಅಮೆರಿಕದ ಡಾನಲ್ ಥಾಮಸ್ ಅವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಮಜ್ಜೆಯ ಕೋಶವು ರಕ್ತವನ್ನು ಹೊಸದಾಗಿ ಕಟ್ಟಬಲ್ಲುದಾದರೆ, ಅದೇಕೆ ಹೃದಯವನ್ನು ಕಟ್ಟಲಾರದು? ಈ ಪ್ರಶ್ನೆ ಸಹಜವಾಗಿಯೇ ಹುಟ್ಟಿತು.

೨೦೦೧ರ ಸಂಭ್ರಮ

೨೦೦೧ರ ಏಪ್ರಿಲ್ ತಿಂಗಳಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಅದನ್ನು ಬರೆದವರು ಡೊನಾಲ್ಡ್ ಆರ್ಲಿಕ್, ಪಿಯೆರೊ ಆನ್ವರ್ಸ ಮತ್ತು ಅವರ ಜೊತೆಗಾರರು. ಇಲಿಗಳ ಕಿರೀಟ ಧಮನಿಯನ್ನು ಕಟ್ಟಿ ಹೃದಯಾಘಾತ ಉಂಟುಮಾಡಿ, ಗಾಯದ ಅಂಚಿಗೆ ಬೇರೆ ಇಲಿಗಳ ಮಜ್ಜೆಯ ಆಕರಕೋಶಗಳನ್ನು ಚುಚ್ಚಿದರೆಂದೂ, ೯ ದಿನಗಳಲ್ಲಿ ಹಾಳಾದ ಜಾಗದ ಶೇಕಡ ೬೮ ಭಾಗವನ್ನು ಹೊಸ ಹೃದಯಸ್ನಾಯು ಆಕ್ರಮಿಸಿತೆಂದೂ ಆ ಲೇಖನವು ಸಾರಿತು. ಎರಡು ವರ್ಷಗಳ ತರುವಾಯ ಆನ್ವರ್ಸ ಅವರ ತಂಡವು ಇನ್ನೂ ಮುಂದೆ ಹೋಗಿ, ವಯಸ್ಕ ಹೃದಯದಲ್ಲಿಯೇ ಆಕರಕೋಶಗಳು ಅಡಗಿವೆಯೆಂದು ಘೋಷಿಸಿತು. 'ಸಿ-ಕಿಟ್' ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತಿರುವುದೇ ಅವುಗಳ ಗುರುತೆಂದು ಹೇಳಲಾಯಿತು.

ವೈದ್ಯಲೋಕದಲ್ಲಿ ಉತ್ಸಾಹ ಉಕ್ಕಿತು. ಅದಕ್ಕೆ ಕಾರಣವೂ ಉಂಟು. ರೋಗಿಯ ಸೊಂಟದ ಮೂಳೆಯಿಂದ ಅವನದೇ ಮಜ್ಜೆಯನ್ನು ತೆಗೆದು ಅವನದೇ ಹೃದಯಕ್ಕೆ ಕೊಡುವುದಾದರೆ ದಾನಿ ಬೇಕಿಲ್ಲ. ದೇಹವು ಅದನ್ನು ಪರಕೀಯವೆಂದು ತಿರಸ್ಕರಿಸುವ ಭಯವಿಲ್ಲ. ಭ್ರೂಣದ ಕೋಶಗಳನ್ನು ಬಳಸುವಾಗ ಏಳುವ ಧರ್ಮಸಂಕಟವೂ ಇಲ್ಲ. ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದಲ್ಲಿ ೨೦೦೧ರಲ್ಲಿಯೇ ರೋಗಿಗಳ ಕಿರೀಟ ಧಮನಿಯೊಳಗೆ ಮಜ್ಜೆಯ ಕೋಶಗಳನ್ನು ಹರಿಸುವ ಕೆಲಸ ಆರಂಭವಾಯಿತು. ಇಲಿಯ ಪ್ರಯೋಗವನ್ನು ಬೇರೆಯವರು ಮಾಡಿನೋಡಿ 'ಹೌದು' ಎನ್ನುವ ಮುನ್ನವೇ ಚಿಕಿತ್ಸೆಯು ಮನುಷ್ಯನ ಹೃದಯವನ್ನು ಮುಟ್ಟಿತ್ತು.

ಕಣ್ಣು ಕಂಡುದೆಲ್ಲ ನಿಜವೆ?

ಆದರೆ ೨೦೦೪ರಲ್ಲಿ 'ನೇಚರ್' ಪತ್ರಿಕೆಯಲ್ಲಿಯೇ ಎರಡು ಲೇಖನಗಳು ಜೊತೆಯಾಗಿ ಹೊರಬಂದವು. ಒಂದನ್ನು ಚಾರ್ಲ್ಸ್ ಮರಿ ಮತ್ತು ಲಾರೆನ್ ಫೀಲ್ಡ್ ಅವರ ತಂಡಗಳೂ, ಇನ್ನೊಂದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಬರೆದಿದ್ದರು. ಮಜ್ಜೆಯ ಕೋಶಗಳು ಹೃದಯಸ್ನಾಯುವಾಗಿ ಮಾರ್ಪಡುವುದೇ ಇಲ್ಲವೆಂಬುದು ಎರಡರ ತೀರ್ಮಾನವೂ ಆಗಿದ್ದಿತು.

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣವೇನು? ಮೊದಲಿನ ಪ್ರಯೋಗದಲ್ಲಿ ಚುಚ್ಚಿದ ಕೋಶಗಳಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಗುರುತಿತ್ತು; ಸೂಕ್ಷ್ಮದರ್ಶಕದಡಿಯಲ್ಲಿ ಹಸಿರು ಕಂಡ ಸ್ನಾಯುವೆಲ್ಲ ಹೊಸದೆಂದು ಭಾವಿಸಲಾಯಿತು. ಆದರೆ ಹೃದಯಸ್ನಾಯುವಿಗೆ ಸಹಜವಾಗಿಯೇ ಮಿನುಗುವ ಗುಣವುಂಟು. ಗಾಯಗೊಂಡ ಸ್ನಾಯುವಿನಲ್ಲಿ ಈ ಮಿನುಗು ಇನ್ನೂ ಮೋಸಗೊಳಿಸುವಂತಹುದು. ಆದುದರಿಂದ ಮರಿ ಅವರ ತಂಡವು ಬೇರೆ ಉಪಾಯ ಹೂಡಿತು. ಕೋಶವು ನಿಜವಾಗಿ ಹೃದಯಸ್ನಾಯುವಾದರೆ ಮಾತ್ರ ಎಚ್ಚರಗೊಳ್ಳುವ ಜೀನೊಂದನ್ನು ಅದರಲ್ಲಿ ಮೊದಲೇ ಸೇರಿಸಿಟ್ಟು, ಆ ಬಳಿಕ ಅದನ್ನು ಹೃದಯಕ್ಕೆ ಚುಚ್ಚಿದರು. ೧೪೫ ಇಲಿ ಹೃದಯಗಳಲ್ಲಿ ಹುಡುಕಿದರೂ ಒಂದರಲ್ಲಿಯೂ ಆ ಗುರುತು ಮೂಡಲಿಲ್ಲ. ಹೃದಯದೊಳಗಿನ 'ಸಿ-ಕಿಟ್' ಕೋಶಗಳ ಗತಿಯೂ ಕೊನೆಗೆ ಇದೇ ಆಯಿತು. ೨೦೧೪ರಲ್ಲಿ ಜೆಫ್ರಿ ಮಾಲ್ಕೆಂಟಿನ್ ಅವರ ತಂಡವು ಆ ಕೋಶಗಳ ಸಂತತಿಯನ್ನು ಇಲಿಗಳಲ್ಲಿ ಬೆನ್ನಟ್ಟಿ ನೋಡಿದಾಗ, ಅವುಗಳಿಂದ ಬಂದ ಸ್ನಾಯುಕೋಶಗಳು ಹತ್ತು ಸಾವಿರಕ್ಕೆ ಮೂರರಷ್ಟು ಸಹ ಇದ್ದವೆಂದು ಹೇಳುವುದು ಕಷ್ಟವಾಯಿತು.

ರೋಗಿಗಳ ಮೇಲಿನ ಪರೀಕ್ಷೆ

ಇತ್ತ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದುದೇನು? ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡ ಎಷ್ಟು ಹೊರಕ್ಕೆ ಹೋಗುವುದೆಂಬುದು ಹೃದಯಬಲದ ಒಂದು ಅಳತೆ. ಆರೋಗ್ಯವಂತರಲ್ಲಿ ಇದು ೫೫ಕ್ಕಿಂತ ಮೇಲಿರುತ್ತದೆ. ಜರ್ಮನಿಯ ಹ್ಯಾನೋವರ್ ನಗರದಲ್ಲಿ ೬೦ ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮಜ್ಜೆಯ ಕೋಶಗಳನ್ನು ಕೊಟ್ಟರು. ಆರು ತಿಂಗಳ ಮೇಲೆ ಅಳೆದಾಗ ಆ ಗುಂಪಿನವರ ಅಂಕ ಸರಾಸರಿ ೬.೭ರಷ್ಟು ಏರಿದ್ದಿತು, ಇನ್ನೊಂದು ಗುಂಪಿನವರದು ೦.೭ರಷ್ಟು ಮಾತ್ರ. ೨೦೦೪ರಲ್ಲಿ ಈ ವರದಿ ಬಂದಾಗ ಎಲ್ಲರೂ ಹಿಗ್ಗಿದರು. ಆದರೆ ೧೮ ತಿಂಗಳು ಕಳೆದು ಮತ್ತೆ ಅಳೆದಾಗ, ಕೋಶಗಳನ್ನು ಪಡೆಯದವರೂ ಬಹಳಮಟ್ಟಿಗೆ ಚೇತರಿಸಿಕೊಂಡಿದ್ದರು. ಎರಡು ಗುಂಪುಗಳ ನಡುವೆ ಗಣನೀಯವಾದ ಅಂತರ ಉಳಿಯಲಿಲ್ಲ.

ಹೋಲಿಕೆಯ ಗುಂಪು ಏಕೆ ಬೇಕೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಧಮನಿಯನ್ನು ತೆರೆದು ಔಷಧ ಕೊಟ್ಟರೆ ಅನೇಕ ಹೃದಯಗಳು ತಾವಾಗಿಯೇ ಸುಧಾರಿಸುತ್ತವೆ. ಕೋಶಗಳನ್ನು ಪಡೆದವರನ್ನಷ್ಟೇ ನೋಡಿದ್ದರೆ ಕೀರ್ತಿಯೆಲ್ಲ ಕೋಶಗಳಿಗೇ ಸಲ್ಲುತ್ತಿತ್ತು.

ಹಲವು ದೇಶಗಳಲ್ಲಿ ಇಂತಹ ಪರೀಕ್ಷೆಗಳು ನಡೆದು, ಕೆಲವು ಲಾಭವನ್ನೂ ಕೆಲವು ಶೂನ್ಯವನ್ನೂ ತೋರಿಸಿದವು. ೨೦೧೪ರಲ್ಲಿ ಲಂಡನ್ನಿನ ಡ್ಯಾರೆಲ್ ಫ್ರಾನ್ಸಿಸ್ ಮತ್ತು ಸಂಗಡಿಗರು ೪೯ ಪರೀಕ್ಷೆಗಳ ವರದಿಗಳನ್ನು ಸಾಲುಸಾಲಾಗಿ ಓದಿ, ಕೂಡದ ಲೆಕ್ಕ, ಒಂದಕ್ಕೊಂದು ತಾಳೆಯಾಗದ ಸಂಖ್ಯೆ—ಇಂತಹ ೬೦೦ಕ್ಕೂ ಮೀರಿದ ವ್ಯತ್ಯಾಸಗಳನ್ನು ಪಟ್ಟಿಮಾಡಿದರು. ತಪ್ಪುಗಳು ೩೦ಕ್ಕಿಂತ ಹೆಚ್ಚಿದ್ದ ವರದಿಗಳಲ್ಲಿ ಹೃದಯಬಲದ ಏರಿಕೆ ಸರಾಸರಿ ೭.೭, ತಪ್ಪೇ ಇಲ್ಲದ ವರದಿಗಳಲ್ಲಿ ಏರಿಕೆಯೇ ಇಲ್ಲ! ಲೆಕ್ಕ ಎಷ್ಟು ಶುದ್ಧವೋ ಚಿಕಿತ್ಸೆಯ ಮಹಿಮೆ ಅಷ್ಟು ಕಡಿಮೆ. ಮರಣವು ಕಡಿಮೆಯಾಗುವುದೆ ಎಂದು ತಿಳಿಯಲು ಯುರೋಪಿನಲ್ಲಿ ೩,೦೦೦ ರೋಗಿಗಳ ಮಹಾಪರೀಕ್ಷೆಯೊಂದನ್ನು ಹೂಡಿದ್ದರು. ಸೇರಿದವರು ೩೭೫ ಮಂದಿ ಮಾತ್ರ. ೨೦೨೦ರಲ್ಲಿ ಅದು ಯಾವ ತೀರ್ಪನ್ನೂ ಕೊಡಲಾರದೆ ಮುಗಿಯಿತು.

ಕಹಿಯಾದ ಪ್ರಕರಣ

ಆನ್ವರ್ಸ ಅವರು ೨೦೦೭ರ ಬಳಿಕ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ, ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ದೊಡ್ಡ ಪ್ರಯೋಗಶಾಲೆ ನಡೆಸುತ್ತಿದ್ದರು. ಅವರ ಫಲಿತಾಂಶಗಳು ಬೇರೆಯವರ ಕೈಗೆ ದಕ್ಕದಿರುವುದನ್ನು ಕಂಡು ಸಂಶಯಗಳು ಬೆಳೆದವು. ವಿಚಾರಣೆ ನಡೆಯಿತು. ಅವರು ಅದರ ವಿರುದ್ಧ ನ್ಯಾಯಾಲಯಕ್ಕೂ ಹೋದರು. ೨೦೧೭ರಲ್ಲಿ ಆ ಆಸ್ಪತ್ರೆಯೂ ಅದರ ಆಡಳಿತ ಸಂಸ್ಥೆಯೂ, ಸಂಶೋಧನೆಗೆಂದು ಪಡೆದಿದ್ದ ಸರ್ಕಾರದ ಹಣದ ವಿಷಯದಲ್ಲಿ ಒಂದು ಕೋಟಿ ಡಾಲರ್ ತೆತ್ತು ರಾಜಿಮಾಡಿಕೊಂಡವು. ೨೦೧೮ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಮತ್ತು ಬ್ರಿಗಮ್ ಸಂಸ್ಥೆಗಳು, ಆ ಪ್ರಯೋಗಶಾಲೆಯಿಂದ ಬಂದ ೩೧ ಲೇಖನಗಳಲ್ಲಿ ತಿದ್ದಿದ ಅಥವಾ ಸೃಷ್ಟಿಸಿದ ಮಾಹಿತಿಯಿದೆಯೆಂದು ತಿಳಿಸಿ, ಅವುಗಳನ್ನು ಹಿಂದೆಗೆದುಕೊಳ್ಳಬೇಕೆಂದು ಪತ್ರಿಕೆಗಳನ್ನು ಕೇಳಿದವು. 'ಸಿ-ಕಿಟ್' ಕೋಶಗಳಿಂದ ರೋಗಿಗಳು ಸುಧಾರಿಸಿದರೆಂದು ೨೦೧೧ರಲ್ಲಿ ಸಾರಿದ್ದ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯು ೨೦೧೯ರಲ್ಲಿ ಹಿಂದೆಗೆದುಕೊಂಡಿತು.

ಇದರಿಂದ ನಷ್ಟವಾದುದು ಹಣವೊಂದೇ ಅಲ್ಲ. ನಂಬಿಕೆಯಿಂದ ಹೃದಯವನ್ನೊಡ್ಡಿದ ರೋಗಿಗಳಿದ್ದರು. ಆ ಫಲಿತಾಂಶವನ್ನು ಮತ್ತೆ ಪಡೆಯಲೆಂದು ವರ್ಷಗಳನ್ನು ಕಳೆದ ಕಿರಿಯ ಸಂಶೋಧಕರಿದ್ದರು. ಆದರೆ ಒಂದು ಮಾತನ್ನು ಮರೆಯಬಾರದು. ತಪ್ಪನ್ನು ಮೊದಲು ತೋರಿಸಿಕೊಟ್ಟುದು ನ್ಯಾಯಾಲಯವೂ ಅಲ್ಲ, ವೃತ್ತಪತ್ರಿಕೆಯೂ ಅಲ್ಲ. ಅದೇ ಪ್ರಯೋಗವನ್ನು ಮತ್ತೆ ಮಾಡಿನೋಡಿದ ಇತರ ವಿಜ್ಞಾನಿಗಳು.

ಹಾಗಾದರೆ ಆಸೆಯಿಲ್ಲವೆ?

ಇಲಿಗಳಲ್ಲಿ ಸ್ವಲ್ಪ ಸುಧಾರಣೆ ಕಂಡುದಂತೂ ಸುಳ್ಳಲ್ಲ. ೨೦೧೯ರಲ್ಲಿ ಮಾಲ್ಕೆಂಟಿನ್ ಅವರ ತಂಡವು ಇದಕ್ಕೊಂದು ವಿವರಣೆ ನೀಡಿತು. ಜೀವಂತ ಕೋಶಗಳ ಬದಲು ಸತ್ತ ಕೋಶಗಳನ್ನು ಚುಚ್ಚಿದರೂ, ಅಷ್ಟೇಕೆ, ಯೀಸ್ಟಿನ ಹೊರಗೋಡೆಯಿಂದ ತೆಗೆದ ವಸ್ತುವೊಂದನ್ನು ಚುಚ್ಚಿದರೂ ಅದೇ ಸುಧಾರಣೆ ಕಂಡಿತು! ಚುಚ್ಚಿದಾಗ ದೇಹದ ರಕ್ಷಕ ಕೋಶಗಳು ಅಲ್ಲಿಗೆ ಧಾವಿಸಿ ಕಲೆಯ ಗುಣವನ್ನು ಉತ್ತಮಗೊಳಿಸುವುದೇ ಇದಕ್ಕೆ ಕಾರಣ. ಹೊಸ ಸ್ನಾಯು ಬೆಳೆದುದರಿಂದಲ್ಲ.

ನಿಜವಾಗಿ ಸ್ನಾಯುವನ್ನೇ ಬೆಳೆಸುವ ದಾರಿ ಬೇರೆ ಕಡೆಯಿಂದ ತೆರೆಯಿತು. ಜಪಾನಿನ ಶಿನ್ಯ ಯಮನಕ ಅವರು ೨೦೦೬ರಲ್ಲಿ ಇಲಿಯ ಚರ್ಮದ ಬಳಿಯ ಕೋಶಗಳಿಗೆ, ೨೦೦೭ರಲ್ಲಿ ಮನುಷ್ಯನ ಕೋಶಗಳಿಗೆ, ನಾಲ್ಕು ಜೀನ್‌ಗಳನ್ನು ಸೇರಿಸಿ ಅವುಗಳನ್ನು ಭ್ರೂಣದ ಆಕರಕೋಶಗಳಂತೆ ಮಾಡಿದರು. ಅವರಿಗೆ ೨೦೧೨ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಇಂತಹ ಕೋಶಗಳನ್ನು ತಕ್ಕ ರಸಾಯನಗಳಲ್ಲಿ ಬೆಳೆಸಿದರೆ, ಗಾಜಿನ ತಟ್ಟೆಯಲ್ಲಿಯೇ ಮಿಡಿಯುವ ಹೃದಯಸ್ನಾಯುಕೋಶಗಳು ಸಿದ್ಧವಾಗುತ್ತವೆ. ಇಲ್ಲಿ ಹಸಿರು ಮಿನುಗನ್ನು ನಂಬಬೇಕಾದುದಿಲ್ಲ. ಮಿಡಿತವನ್ನು ಕಣ್ಣಾರೆ ಕಾಣಬಹುದು.

೨೦೧೪ರಲ್ಲಿ, ಹಿಂದೆ ಸಂಶಯವನ್ನೆತ್ತಿದ್ದ ಮರಿ ಅವರೇ, ಭ್ರೂಣದ ಆಕರಕೋಶಗಳಿಂದ ಪಡೆದ ನೂರು ಕೋಟಿ ಸ್ನಾಯುಕೋಶಗಳನ್ನು ಕೋತಿಗಳ ಹೃದಯಕ್ಕೆ ಸೇರಿಸಿದರು. ಅವು ಅಲ್ಲಿ ನೆಲೆಯೂರಿ ಸುತ್ತಲಿನ ಸ್ನಾಯುವಿನೊಡನೆ ತಾಳ ಸೇರಿಸಿ ಬಡಿದವು. ಆದರೆ ಆ ಕೋತಿಗಳ ಹೃದಯದ ಲಯ ಕೆಲಕಾಲ ತಪ್ಪಿತು. ಎಳೆಯ ಕೋಶಗಳು ಇನ್ನೂ ಸ್ವಂತ ತಾಳ ಬಿಡದಿದ್ದುದೇ ಇದಕ್ಕೆ ಕಾರಣವೆಂದು ಎಣಿಸಲಾಗಿದೆ. ಜಪಾನಿನ ಒಸಾಕ ವಿಶ್ವವಿದ್ಯಾಲಯದಲ್ಲಿ ೨೦೨೦ರ ಜನವರಿಯಲ್ಲಿ ಯಮನಕ ವಿಧಾನದ ಸ್ನಾಯುಕೋಶಗಳ ತೆಳುಹಾಳೆಯನ್ನು ರೋಗಿಯೊಬ್ಬರ ಹೃದಯದ ಮೇಲೆ ಹೊದಿಸಿದರು. ಜರ್ಮನಿಯ ಗಟಿಂಗೆನ್ ನಗರದ ವುಲ್ಫ್ರಮ್ ಝಿಮ್ಮರ್‌ಮನ್ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲಿ ಹೆಣೆದ ಸ್ನಾಯುವಿನ ತೇಪೆಯನ್ನು ೪೬ ವರ್ಷದ ಮಹಿಳೆಯ ಹೃದಯಕ್ಕೆ ಹೊಲಿದರು. ಮೂರು ತಿಂಗಳ ನಂತರ ಆಕೆಗೆ ದಾನಿಯ ಹೃದಯ ದೊರೆತು, ಹಳೆಯ ಹೃದಯವನ್ನು ತೆಗೆದು ನೋಡಿದಾಗ ತೇಪೆಯ ಸ್ನಾಯು ಜೀವಂತವಾಗಿಯೇ ಇತ್ತು. ಅದರೊಳಗೆ ರಕ್ತನಾಳಗಳೂ ಮೂಡಿದ್ದವು. ೨೦೨೫ರಲ್ಲಿ ಪ್ರಕಟವಾದ ಈ ವರದಿಯು ಒಂದು ಮೈಲಿಗಲ್ಲು. ಆದರೂ ಆಯುಸ್ಸು ಹೆಚ್ಚುವುದೆ ಎಂಬ ಪ್ರಶ್ನೆಗೆ ಇದೊಂದರಿಂದ ಉತ್ತರ ಬರಲಾರದು.

ಗುರುವಾದ ಪುಟ್ಟ ಮೀನು

ಇನ್ನೊಂದು ದಾರಿಯನ್ನು ತೋರಿಸುತ್ತಿರುವುದು ನಮ್ಮ ಗಂಗಾನದಿಯ ಬಯಲಿನ ತೊರೆ, ಗದ್ದೆಗಳಲ್ಲಿ ವಾಸಿಸುವ ಬೆರಳುದ್ದವೂ ಇಲ್ಲದ ಪಟ್ಟೆ ಮೀನು. ಇಂಗ್ಲಿಷಿನಲ್ಲಿ ಇದನ್ನು ಜೀಬ್ರಾಫಿಶ್ ಎನ್ನುವರು. ಇದರ ಹೃತ್ಕುಕ್ಷಿಯ ಐದನೆಯ ಒಂದು ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಕಲೆಯಿಲ್ಲದೆ ಬೆಳೆಯುವುದೆಂದು ೨೦೦೨ರಲ್ಲಿ ಕೆನೆತ್ ಪಾಸ್ ಮುಂತಾದವರು ತೋರಿಸಿದರು. ಇದು ಆಕರಕೋಶಗಳ ಕೆಲಸವೆ? ಅಲ್ಲ! ಉಳಿದಿದ್ದ ಸ್ನಾಯುಕೋಶಗಳೇ ತಮ್ಮ ಕಸುಬನ್ನು ಕೊಂಚ ಬದಿಗಿರಿಸಿ, ಒಡೆದು ಎರಡಾಗಿ, ಗಾಯವನ್ನು ತುಂಬುತ್ತವೆಯೆಂದು ೨೦೧೦ರಲ್ಲಿ ತಿಳಿಯಿತು. ಹುಟ್ಟಿ ಒಂದು ದಿನವಾದ ಇಲಿಮರಿಗೂ ಈ ಶಕ್ತಿಯಿದ್ದು, ಏಳನೆಯ ದಿನದ ಹೊತ್ತಿಗೆ ಅದು ಮಾಯವಾಗುವುದೆಂದು ೨೦೧೧ರಲ್ಲಿ ಕಂಡುಬಂದಿತು. ಆ ಒಂದು ವಾರದಲ್ಲಿ ಮುಚ್ಚುವ ಬಾಗಿಲನ್ನು ಮತ್ತೆ ತೆರೆಯುವುದು ಹೇಗೆಂಬುದೇ ಈಗ ಅನೇಕ ಪ್ರಯೋಗಶಾಲೆಗಳ ಚಿಂತೆ.

ನಾವು ತಿಳಿದಿರಬೇಕಾದುದು

ಆಕರಕೋಶವೆಂಬ ಹೆಸರಿಗೆ ಜನರಲ್ಲಿ ದೊಡ್ಡ ಆಕರ್ಷಣೆಯಿದೆ. ಮನೆಯ ಹಿರಿಯರೊಬ್ಬರು ಹೃದ್ರೋಗದಿಂದ ನರಳುತ್ತಿರುವಾಗ, ಹೊಲವನ್ನು ಮಾರಿಯಾದರೂ ಚಿಕಿತ್ಸೆ ಕೊಡಿಸೋಣವೆನ್ನುವ ಮಕ್ಕಳನ್ನು ಯಾರು ತಾನೆ ದೂರಿಯಾರು? ಅಂತಹವರಿಗೆ ತಿಳಿದವರು ಹೇಳಬೇಕಾದ ಮಾತೊಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ರಕ್ತಸಂಬಂಧವಾದ ಕೆಲವು ರೋಗಗಳಿಗೆ ಮಾಡುವ ಮಜ್ಜೆಯ ಕಸಿಯಂತಹುದನ್ನು ಬಿಟ್ಟರೆ, ಆಕರಕೋಶಗಳನ್ನು ರೋಗಿಗಳಿಗೆ ಕೊಡುವುದು ಇನ್ನೂ ಸಂಶೋಧನೆಯೇ. ಒಪ್ಪಿಗೆ ಪಡೆದ ಪರೀಕ್ಷೆಯ ಹೊರಗೆ ಅದು ಸಲ್ಲದು. ಸಿದ್ಧವಾದ ಚಿಕಿತ್ಸೆಯೆಂದು ಹೇಳಿ ಯಾರಾದರೂ ಹಣ ಕೇಳಿದರೆ, ಅದರ ಪರೀಕ್ಷೆ ಎಲ್ಲಿ ನಡೆದಿದೆ, ಹೋಲಿಕೆಯ ಗುಂಪು ಯಾವುದು, ಬೇರೆಯವರು ಮಾಡಿನೋಡಿದಾಗ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಹಿಂದೆಗೆಯದೆ ಕೇಳಬೇಕು.

ಸತ್ತ ಹೃದಯಸ್ನಾಯು ಮತ್ತೆ ಚಿಗುರುವುದೆ? ಮಜ್ಜೆಯ ಕೋಶಗಳಿಂದ ಚಿಗುರದು ಎಂದು ಇಂದು ಧೈರ್ಯವಾಗಿ ಹೇಳಬಹುದು. ಬೇರೆ ದಾರಿಗಳಿಂದ ಚಿಗುರಿಸಬಹುದೆಂಬುದಕ್ಕೆ ಮೊದಲ ಕುರುಹುಗಳು ಕಂಡಿವೆ. ಅಲ್ಲಿಯವರೆಗೆ, ಇರುವ ಸ್ನಾಯುವನ್ನು ಕಾಪಾಡಿಕೊಳ್ಳುವುದೇ ಜಾಣತನ. ತಂಬಾಕನ್ನು ದೂರವಿಡುವುದು, ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಅಂಕೆಯಲ್ಲಿಡುವುದು, ಎದೆ ಹಿಂಡಿದಂತೆ ನೋವು ಬಂದರೆ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸುವುದು—ಇವುಗಳಿಂದ ಉಳಿಯುವ ಸ್ನಾಯುವನ್ನು ಇಂದಿನ ಯಾವ ಪ್ರಯೋಗಶಾಲೆಯೂ ಬೆಳೆಸಿಕೊಡಲಾರದು. ಉಳಿದ ಕೆಲಸಕ್ಕೆ ಇಂದು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ ಕೈಹಾಕಬೇಕಾಗಿದೆ. ಕೈಹಾಕುವಾಗ ಅವರಿಗೆ ೨೦೦೧ರ ಉತ್ಸಾಹವೂ ಇರಲಿ, ೨೦೦೪ರ ಸಂಶಯವೂ ಇರಲಿ.